ಕಾರಂತರನ್ನು ಎಲ್ಲಿಂದ ಓದಲು ತೊಡಗಬೇಕು?



ಶಿವರಾಮ ಕಾರಂತರ ಬಗ್ಗೆ ಮಾತಾಡಬೇಕೆಂದು ಕೇಳಿದ ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ಕಾರಂತರ ಜೀವನದೃಷ್ಟಿ, ಅವರ ಪ್ರಾದೇಶಿಕತೆ, ಅವರ ಸ್ತ್ರೀಪಾತ್ರಗಳು, ಇವುಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನಾನು ಎತ್ತಿಕೊಂಡದ್ದು ಓದುವವರು ನಿಜವಾಗಿ ಕೇಳುವ ಒಂದು ಪ್ರಶ್ನೆ. ಪುಸ್ತಕ ಮಳಿಗೆಯಲ್ಲಿ, ಗ್ರಂಥಾಲಯದ ಕಪಾಟಿನ ಮುಂದೆ, ತರಗತಿ ಮುಗಿದು ಎಲ್ಲರೂ ಎದ್ದ ಮೇಲೆ ಮೆಲ್ಲಗೆ ಹತ್ತಿರ ಬಂದು ಕೇಳುತ್ತಾರೆ: "ಸಾರ್, ಕಾರಂತರದ್ದು ಮೊದಲು ಯಾವುದು ಓದಲಿ? ಆಮೇಲೆ ಯಾವುದು?" ಮೇಷ್ಟ್ರುಗಳಾದ ನಾವು "ಯಾವುದಾದರೂ ಓದು, ಎಲ್ಲವೂ ಚೆನ್ನಾಗಿವೆ" ಎಂದು ಹೇಳಿ ಕಳಿಸಿಬಿಡುತ್ತೇವೆ. ಆ ಉತ್ತರ ಸಾಲದು. ಯಾವುದರ ಹಿಂದೆ ಯಾವುದನ್ನು ಓದಿದೆವು ಎಂಬುದರಿಂದ ಕಾರಂತರ ಪುಸ್ತಕಗಳ ಅರ್ಥವೇ ಬೇರೆಯಾಗುತ್ತದೆ ಎಂದು ನಾನು ನಂಬಿದ್ದೇನೆ. ಕೆಲವು ಕಾದಂಬರಿಗಳನ್ನು ಮುಂದಿಟ್ಟುಕೊಂಡು ಅದನ್ನು ತೋರಿಸಲು ಯತ್ನಿಸುತ್ತೇನೆ.

ಮೊದಲಿಗೆ, ಈ ಪ್ರಶ್ನೆ ಏಕೆ ಹುಟ್ಟುತ್ತದೆ ಎಂದು ನೋಡೋಣ. 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರ ಕೊನೆಯಲ್ಲಿ ತೀರಿಕೊಂಡ ಕಾರಂತರು ಬರೆದ ಕಾದಂಬರಿಗಳೇ 47. ಅದರ ಜೊತೆಗೆ ನಾಟಕ, ಪ್ರವಾಸ ಕಥನ, ಆತ್ಮಕಥೆ, ಮಕ್ಕಳ ವಿಶ್ವಕೋಶ, ವಿಜ್ಞಾನದ ಸಂಪುಟಗಳು, ಅರ್ಥಕೋಶ, ಯಕ್ಷಗಾನದ ಸಂಶೋಧನೆ, ಕಲೆ ಮತ್ತು ಶಿಲ್ಪದ ಗ್ರಂಥಗಳು. ಕಪಾಟಿನ ಮುಂದೆ ನಿಂತ ಹುಡುಗಿ ದಿಕ್ಕು ತೋಚದೆ ನಿಂತರೆ ಆಶ್ಚರ್ಯವಿಲ್ಲ. ಫ್ರಾನ್ಸಿನ ಎಮಿಲ್ ಜೋಲಾ ಒಂದೇ ವಂಶದ ಕಥೆಯನ್ನು 20 ಕಾದಂಬರಿಗಳಲ್ಲಿ ಹೆಣೆದ. ಅಲ್ಲಿ ಕ್ರಮದ ಮಾತಾಡಲು ಕಥೆಯೇ ಆಧಾರ ಕೊಡುತ್ತದೆ. ಕಾರಂತರಲ್ಲಿ ಹಾಗಿಲ್ಲ. 'ಮರಳಿ ಮಣ್ಣಿಗೆ'ಯ ಐತಾಳರು ಇನ್ನೊಂದು ಕಾದಂಬರಿಗೆ ಬರುವುದಿಲ್ಲ, 'ಚೋಮನ ದುಡಿ'ಯ ಚೋಮನ ಮಕ್ಕಳ ಮುಂದಿನ ಕಥೆಯನ್ನು ಅವರು ಬರೆಯಲಿಲ್ಲ. ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಆದುದರಿಂದ ಕ್ರಮವನ್ನು ಕಟ್ಟಿಕೊಳ್ಳುವ ಕೆಲಸ ಓದುಗರ ಪಾಲಿಗೆ ಬರುತ್ತದೆ.

ನಮ್ಮಲ್ಲಿ ಹೆಚ್ಚಿನವರು ತಮಗೆ ತಿಳಿಯದೆಯೇ ಹಿಡಿದಿರುವ ದಾರಿ ಪ್ರಶಸ್ತಿಯದು. ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ. ಹಾಗಾಗಿ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇವೆ. ಇನ್ನು ಕೆಲವರದು ಸಿನಿಮಾದ ದಾರಿ: ಬಿ. ವಿ. ಕಾರಂತರ 'ಚೋಮನ ದುಡಿ', ನಾಗಾಭರಣರ 'ಚಿಗುರಿದ ಕನಸು', ಶೇಷಾದ್ರಿಯವರ 'ಬೆಟ್ಟದ ಜೀವ' ಮತ್ತು 'ಮೂಕಜ್ಜಿಯ ಕನಸುಗಳು' ನೋಡಿ ಪುಸ್ತಕಕ್ಕೆ ಬರುವುದು. ಸಿನಿಮಾದಿಂದ ಬಂದವರನ್ನು ನಾನು ಸಂತೋಷದಿಂದ ಸ್ವಾಗತಿಸುತ್ತೇನೆ. ಆದರೆ ತೆರೆಯ ಮೇಲೆ ವಾಸುದೇವ ರಾವ್ ಅವರ ಮುಖವನ್ನು ಕಂಡವರಿಗೆ ಕಾದಂಬರಿಯ ಚೋಮನನ್ನು ಬೇರೆಯಾಗಿ ಕಲ್ಪಿಸಿಕೊಳ್ಳುವುದು ಕಷ್ಟ.

ಪ್ರಕಟಣೆಯ ಕ್ರಮವೇ ಶಾಸ್ತ್ರೀಯ ಎನ್ನುವ ವಿದ್ವಾಂಸರೂ ಇದ್ದಾರೆ. ಸಂಶೋಧಕರಿಗೆ ಅದು ಸರಿ. ಹೊಸಬರಿಗೆ ಅದನ್ನು ಹೇಳಲಾರೆ. ಆ ದಾರಿ ಹಿಡಿದರೆ 1920ರ ದಶಕದ 'ವಿಚಿತ್ರ ಕೂಟ', 'ದೇವದೂತರು' ಇವುಗಳಿಂದ ಶುರು ಮಾಡಬೇಕು. ಸ್ವಾತಂತ್ರ್ಯ ಚಳವಳಿಗಾಗಿ ಕಾಲೇಜು ಬಿಟ್ಟು ಬಂದ ಇಪ್ಪತ್ತರ ಹರೆಯದ ತರುಣ ಪತ್ರಿಕೆ ನಡೆಸುತ್ತ, ಸಮಾಜ ಸುಧಾರಣೆಯ ಹುರುಪಿನಲ್ಲಿ ಬರೆಯುತ್ತಿದ್ದ ಕಾಲ ಅದು. ಅಲ್ಲಿ ಬರವಣಿಗೆಯ ಆವೇಶ ಕಾಣುತ್ತದೆ. ಆದರೆ ನೆಲ, ಮಳೆ, ಬೆವರು, ಮನೆಯೊಳಗಿನ ಮೌನ, ನಾವು ಯಾವುದಕ್ಕಾಗಿ ಕಾರಂತರನ್ನು ಪ್ರೀತಿಸುತ್ತೇವೋ ಅದು ಇನ್ನೂ ಬಂದಿಲ್ಲ. ಹತ್ತು ಕಾದಂಬರಿ ಓದಿ ಅವರ ದನಿ ಕಿವಿಗೆ ಬಿದ್ದ ಮೇಲೆ ಹಿಂದೆ ಹೋಗಿ 'ದೇವದೂತರು' ಓದಿ, ಅದರ ಪಕ್ಕಕ್ಕೆ 1950ರ ದಶಕದ 'ಗೊಂಡಾರಣ್ಯ' ಇಟ್ಟು ನೋಡಿದರೆ, ಈ ಲೇಖಕರ ವಿಡಂಬನೆ ಹೇಗೆ ಬೆಳೆಯಿತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಈಗ ನನ್ನ ದಾರಿಯನ್ನು ಹೇಳುತ್ತೇನೆ. ಮೊದಲ ಪುಸ್ತಕ 'ಬೆಟ್ಟದ ಜೀವ'.

ಕಾರಣ ಸರಳವಾದದ್ದು. ಈ ಕಾದಂಬರಿಯ ನಿರೂಪಕನೇ ಆ ಸೀಮೆಗೆ ಹೊಸಬ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿ, ದಾರಿಯಲ್ಲಿ ಸಿಕ್ಕವರ ಹಿಂದೆ ನಡೆದು, ಗೋಪಾಲಯ್ಯ ಎಂಬ ಮುದುಕರ ಮನೆ ಸೇರುತ್ತಾನೆ. ಗೋಪಾಲಯ್ಯ, ಶಂಕರಮ್ಮ ಅವನನ್ನು ಉಪಚರಿಸುತ್ತಾರೆ, ಉಳಿಸಿಕೊಳ್ಳುತ್ತಾರೆ, ಹೊರಡುತ್ತೇನೆಂದರೆ ಬಿಡುವುದಿಲ್ಲ. ಬಳ್ಳಾರಿಯಿಂದಲೋ ಬೀದರಿನಿಂದಲೋ ಬಂದ, ಘಟ್ಟದ ಕೆಳಗಿನ ಮಳೆಯನ್ನೇ ಕಾಣದ ಓದುಗನೂ ಅದೇ ನಿರೂಪಕನ ಜೊತೆ ಅತಿಥಿಯಾಗಿ ಒಳಗೆ ಹೋಗುತ್ತಾನೆ. ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಅವನು ಕೇಳಿ ತಿಳಿದುಕೊಂಡಂತೆ ನಾವೂ ತಿಳಿದುಕೊಳ್ಳುತ್ತೇವೆ: ಕಾಡು ಕಡಿದು ಅಡಕೆ ತೋಟ ಎಬ್ಬಿಸುವುದು ಎಂದರೇನು, ಆನೆ ಮತ್ತು ಹುಲಿಯ ನೆರೆಯಲ್ಲಿ ಸಂಸಾರ ಹೂಡುವುದು ಎಂದರೇನು, ಮಗ ಶಂಭು ಮನೆ ಬಿಟ್ಟು ಹೋದ ದುಃಖವನ್ನು ಗಂಡ ಹೆಂಡತಿ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ನಗುನಗುತ್ತ ಬದುಕುವುದು ಎಂದರೇನು. ಕಥೆ ಎನ್ನುವಂಥದ್ದು ತೀರ ಕಡಿಮೆ. ಮುದುಕರು ಮಾತಾಡುತ್ತಾರೆ, ನಡೆಯುತ್ತಾರೆ, ತೋರಿಸುತ್ತಾರೆ. ಕಾರಂತರನ್ನು ಓದಲು ಬೇಕಾದ ತಾಳ್ಮೆಯನ್ನು ಈ ಪುಸ್ತಕ ಪ್ರೀತಿಯಿಂದಲೇ ಕಲಿಸುತ್ತದೆ.

ಅದು ಮುಗಿದ ಕೂಡಲೇ 'ಚೋಮನ ದುಡಿ' ತೆಗೆಯಬೇಕು. ಇಲ್ಲಿ ನಾನು ಬೇಕೆಂದೇ ಕಾಲವನ್ನು ಹಿಂದುಮುಂದು ಮಾಡುತ್ತಿದ್ದೇನೆ. 'ಚೋಮನ ದುಡಿ' 1933ರದು, 'ಬೆಟ್ಟದ ಜೀವ' 1943ರದು. ಪ್ರಕಟಣೆಯ ಕ್ರಮದಲ್ಲೇ ಓದಿದರೆ ಸುಲಭವಾಗಿ ಒಂದು ತೀರ್ಮಾನಕ್ಕೆ ಬರುತ್ತೇವೆ: ತರುಣ ಕಾರಂತರು ಅನ್ಯಾಯದ ವಿರುದ್ಧ ಸಿಡಿದೆದ್ದು ಬರೆದರು, ವಯಸ್ಸು ಮಾಗಿದಂತೆ ಸಮಾಧಾನದ ಕಡೆಗೆ ಸರಿದರು. ಇದು ತಪ್ಪು ತೀರ್ಮಾನ. ಮುಂದಿನ ಕಾದಂಬರಿಗಳನ್ನು ಓದಿದವರಿಗೆ ಅದು ಗೊತ್ತಿದೆ.

ಗೋಪಾಲಯ್ಯನವರ ಮನೆಯಿಂದ ನೇರವಾಗಿ ಚೋಮನ ಗುಡಿಸಲಿಗೆ ಬಂದರೆ ಏನಾಗುತ್ತದೆ ನೋಡಿ. ಮಣ್ಣಿನ ಮೇಲೆ ಮನುಷ್ಯನಿಗಿರುವ ಪ್ರೀತಿಗೆ ನಾವು ಆಗಲೇ ಮನಸೋತಿದ್ದೇವೆ. ಬೆಟ್ಟದ ಇಳಿಜಾರನ್ನು ಗದ್ದೆ ಮಾಡಿದವನ ಹೆಮ್ಮೆಯನ್ನು ನಮ್ಮ ಹೆಮ್ಮೆ ಎಂದುಕೊಂಡಿದ್ದೇವೆ. ಈಗ ಅದೇ ಪ್ರೀತಿ, ಅದೇ ಕಸುವು ಇರುವ ಇನ್ನೊಬ್ಬ ಮನುಷ್ಯ ಎದುರಿಗೆ ನಿಲ್ಲುತ್ತಾನೆ. ಅವನ ಹತ್ತಿರ ಸಾಕಿದ ಎತ್ತಿನ ಜೋಡಿ ಇದೆ. ಉಳಲು ಒಂದು ತುಂಡು ಗದ್ದೆ ಬೇಕು, ಅಷ್ಟೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಕ್ಕುವುದಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಮೆತ್ತಗಾದರೂ ಆತ ತಾಯಿಯ ಮಾತನ್ನು ದಾಟಲಾರ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರಾಗಿ ಕೈ ತಪ್ಪುತ್ತಾರೆ. ಕೊನೆಗೆ ಉಳಿಯುವುದು ದುಡಿಯ ಸದ್ದು.

ಇಲ್ಲಿ ತರುಣ ಓದುಗರಿಗೆ ಒಂದು ಹಿನ್ನೆಲೆ ಹೇಳಲೇಬೇಕು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತದ ಭಾಗ. ನೆಲವನ್ನು ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಗಳಲ್ಲಿ ಒಕ್ಕಲಿಗೆ ಕೊಡುತ್ತಿದ್ದರು. ಮೂಲಗೇಣಿದಾರನಿಗೆ ಕಾಯಂ ಹಕ್ಕು, ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಬಿಡಿಸಬಹುದು. ಚೋಮನಿಗೆ ಆ ಚಾಲಗೇಣಿಯ ಯೋಗ್ಯತೆಯೂ ಇಲ್ಲವೆಂದು ಊರು ತೀರ್ಮಾನಿಸಿತ್ತು. ಉಳುವವನಿಗೆ ಭೂಮಿ ಎಂಬ ಮಾತು ನಮ್ಮ ರಾಜ್ಯದಲ್ಲಿ ಬಿಗಿಯಾದ ಕಾನೂನಾದದ್ದು 1974ರಲ್ಲಿ, ಕಾದಂಬರಿ ಬಂದು ನಾಲ್ಕು ದಶಕಗಳಾದ ಮೇಲೆ. ಇಷ್ಟು ತಿಳಿದು ಓದಿದರೆ ಚೋಮನ ಬಯಕೆ ಎಂಥ ದಿಟ್ಟತನದ್ದು ಎಂಬುದು ಕಾಣುತ್ತದೆ. ಆಮೇಲೆ ಮತ್ತೆ 'ಬೆಟ್ಟದ ಜೀವ'ದ ಪುಟ ತಿರುವಿದರೆ, ಗೋಪಾಲಯ್ಯನವರ ಮೇಲಿನ ಗೌರವ ಕಡಿಮೆಯಾಗದಿದ್ದರೂ, ಆ ಕಾಡನ್ನು ತನ್ನದಾಗಿಸಿಕೊಳ್ಳುವ ಅವಕಾಶ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ. ಚೋಮನನ್ನೇ ಮೊದಲು ಓದಿದವರು ಗೋಪಾಲಯ್ಯನವರನ್ನು ಮೊದಲ ಪುಟದಿಂದಲೇ ಅನುಮಾನದಿಂದ ನೋಡುವುದನ್ನು ಕಂಡಿದ್ದೇನೆ. ಹಾಗಾದರೆ ಆ ಮುದುಕರ ಮನೆಯ ಆತಿಥ್ಯವೇ ನಮಗೆ ದಕ್ಕುವುದಿಲ್ಲ. ಮೊದಲು ಪ್ರೀತಿ ಹುಟ್ಟಲಿ, ಆಮೇಲೆ ಪ್ರಶ್ನೆ ಏಳಲಿ ಎಂಬುದು ನನ್ನ ಪಕ್ಷ.

ಬೆಟ್ಟದಿಂದ ಮೂರನೆಯ ಪುಸ್ತಕಕ್ಕೆ ಇಳಿಯೋಣ, ಸಮುದ್ರದ ಬಳಿಗೆ. 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದ ಈ ಕಾದಂಬರಿ ದೊಡ್ಡದು, ಮೂರು ತಲೆಮಾರಿನದು. ಕೋಡಿ ಎಂಬ ಕಡಲ ಕರೆಯ ಊರು. ರಾಮ ಐತಾಳರ ಪೌರೋಹಿತ್ಯದ ಮನೆ. ಅವರ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ. ಮಕ್ಕಳಾಗಲಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಮದುವೆಯಾಗುತ್ತಾರೆ. ಮಗ ಲಚ್ಚ ಓದಲು ಹೋಗಿ ಕೆಟ್ಟು, ಮನೆಯನ್ನೂ ಹೆಂಡತಿ ನಾಗವೇಣಿಯ ದೇಹವನ್ನೂ ಹಾಳು ಮಾಡುತ್ತಾನೆ. ಮೊಮ್ಮಗ ರಾಮ ಮದರಾಸು, ಚಳವಳಿ, ಜೈಲು, ಮುಂಬಯಿ ಎಲ್ಲ ಸುತ್ತಿ ತಾಯಿಯ ಬಳಿಗೆ, ಊರ ಮಣ್ಣಿಗೆ ಮರಳುತ್ತಾನೆ. ಹೀಗೆ ಸಾರಾಂಶ ಹೇಳಿದರೆ ಇದು ಗಂಡಸರ ಕಥೆಯಂತೆ ಕೇಳುತ್ತದೆ. ಓದುವಾಗ ಹಾಗಿಲ್ಲ. ಪುಟ ಪುಟಕ್ಕೂ ದುಡಿಯುತ್ತಿರುವವರು ಹೆಂಗಸರು. ಪಾರೋತಿ, ಸರಸೋತಿ ಗದ್ದೆಗಿಳಿಯುತ್ತಾರೆ, ಹೊರೆ ಹೊರುತ್ತಾರೆ, ಮಳೆಗಾಲಕ್ಕೆ ಕೂಡಿಡುತ್ತಾರೆ. ಮನೆಯ ಯಜಮಾನಿಕೆ ಅವರದಲ್ಲ, ಮನೆ ನಿಂತಿರುವುದು ಅವರ ಮೇಲೆ. ಎರಡನೆಯ ಮದುವೆಯ ತೀರ್ಮಾನ ಆಗುವಾಗ ಪಾರೋತಿಯ ಇಷ್ಟವನ್ನು ಯಾರೂ ಕೇಳುವುದಿಲ್ಲ.

ಈ ಕಾದಂಬರಿಯನ್ನು ಪರೀಕ್ಷೆಯ ಅವಸರದಲ್ಲಿ ಓದಬಾರದು. ಸಾಧ್ಯವಾದರೆ ಮಳೆಗಾಲದಲ್ಲಿ ಓದಿ. ಕರಾವಳಿಯ ಮನೆಮಾತು ಹೊರಗಿನವರಿಗೆ ಮೊದಲ ಐವತ್ತು ಪುಟ ತೊಡಕೆನಿಸಬಹುದು. 'ಬೆಟ್ಟದ ಜೀವ' ಓದಿ ಬಂದವರಿಗೆ ಆ ತೊಡಕು ಅರ್ಧದಷ್ಟಾಗಿರುತ್ತದೆ. ಕನ್ನಡದ ಅತಿ ದೊಡ್ಡ ಕಾದಂಬರಿಗಳಲ್ಲಿ ಇದೊಂದು ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಕಾರಂತರದು ಒಂದೇ ಪುಸ್ತಕ ಓದಲು ಸಮಯವಿದೆ ಎನ್ನುವವರಿಗೆ ನಾನು ಕೊಡುವ ಪುಸ್ತಕವೂ ಇದೇ.

ಇದಾದ ಮೇಲೆ, ಮೂಕಜ್ಜಿಗೆ ಮೊದಲು, ನಡುವೆ ಎರಡನ್ನು ಇಡುತ್ತೇನೆ. ಒಂದು 1937ರ 'ಸರಸಮ್ಮನ ಸಮಾಧಿ'. ಸತಿ ಹೋದ ಸರಸಮ್ಮನ ಸಮಾಧಿಗೆ ಹರಕೆ ಹೊತ್ತು ಬರುವ ಹೆಂಗಸರ ದಾಂಪತ್ಯದ ಗೋಳನ್ನು ಹೇಳುವ ಚಿಕ್ಕ ಕಾದಂಬರಿ. ಇನ್ನೊಂದು 1960ರ 'ಅಳಿದ ಮೇಲೆ'. ಯಶವಂತ ಎಂಬ ಚಿತ್ರಕಾರ ಮುಂಬಯಿಯಲ್ಲಿ ಸಾಯುತ್ತಾನೆ. ರೈಲಿನಲ್ಲಿ ಪರಿಚಯವಾದ ನಿರೂಪಕನ ಕೈಗೆ ಅವನ ಉಳಿದ ವಸ್ತುಗಳೂ ಸ್ವಲ್ಪ ಹಣವೂ ಬರುತ್ತವೆ. ಆ ಹಣವನ್ನು ಸೇರಬೇಕಾದವರಿಗೆ ಸೇರಿಸಲು ನಿರೂಪಕ ಯಶವಂತನ ಊರಿನ ದಾರಿ ಹಿಡಿಯುತ್ತಾನೆ. ಒಬ್ಬೊಬ್ಬರು ಹೇಳುವುದರಿಂದ ಆ ಮನುಷ್ಯನ ಬದುಕು ಕೊನೆಯಿಂದ ಮೊದಲಿಗೆ ತೆರೆದುಕೊಳ್ಳುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತು ತಿದ್ದುತ್ತದೆ. ಒಬ್ಬ ಮನುಷ್ಯನನ್ನು ಯಾವ ಕ್ರಮದಲ್ಲಿ ತಿಳಿದುಕೊಂಡೆವು ಎಂಬುದೇ ಅವನ ಬಗ್ಗೆ ನಮ್ಮ ತೀರ್ಪನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಕಾರಂತರು ಕಥೆಯನ್ನಾಗಿಯೇ ಬರೆದಿದ್ದಾರೆ. ನನ್ನ ಇವತ್ತಿನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಈಗ ಮೂಕಜ್ಜಿ. 1968ರ ಕಾದಂಬರಿ. ಮೂಡೂರಿನ ಮೂಕಾಂಬಿಕೆ ಎಳೆಯ ವಯಸ್ಸಿಗೇ ವಿಧವೆಯಾದವಳು, ಈಗ ಎಂಬತ್ತರ ಆಸುಪಾಸಿನ ಅಜ್ಜಿ. ಯಾವುದಾದರೂ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ಮನುಷ್ಯ ದೇವರುಗಳನ್ನು ಕಟ್ಟಿಕೊಂಡ ಬಗೆ, ಹಳೆಯ ದೇವರನ್ನು ಹೊಸ ದೇವರು ಬದಿಗೆ ಸರಿಸಿದ ಬಗೆ, ಗಂಡು ಹೆಣ್ಣಿನ ಸಂಬಂಧವನ್ನು ಪಾಪವೆಂದು ಬಗೆದವರ ಕಪಟ, ಎಲ್ಲವನ್ನೂ ಅವಳು ಅಂಜದೆ ಆಡುತ್ತಾಳೆ.

ಇದನ್ನೇ ಮೊದಲ ಪುಸ್ತಕವಾಗಿ ಓದಿದ ವಿದ್ಯಾರ್ಥಿಗಳ ಬರಹಗಳನ್ನು ಹಲವು ವರ್ಷ ತಿದ್ದಿದ್ದೇನೆ. ಬಹುಪಾಲು ಬರಹಗಳಲ್ಲಿ ಒಂದೇ ಮಾತು: ಕಾರಂತರು ಅಜ್ಜಿಯ ಬಾಯಿಂದ ತಮ್ಮ ನಾಸ್ತಿಕ ವಿಚಾರಗಳನ್ನು ಹೇಳಿಸಿದ್ದಾರೆ. ಕೆಲವರು ಮೆಚ್ಚಿ ಬರೆಯುತ್ತಾರೆ, ಕೆಲವರು ಸಿಟ್ಟಿನಿಂದ ಬರೆಯುತ್ತಾರೆ. ಇಬ್ಬರ ಕಣ್ಣಿಗೂ ಅಜ್ಜಿ ಬೀಳುವುದಿಲ್ಲ, ಉಪನ್ಯಾಸ ಮಾತ್ರ ಬೀಳುತ್ತದೆ. ಆ ಮಕ್ಕಳನ್ನು ದೂರಿ ಫಲವಿಲ್ಲ. ಅಜ್ಜಿಯ ಹಿಂದೆ ಯಾರಿದ್ದಾರೆ ಎಂದು ಅವರಿಗೆ ತೋರಿಸದೆ ಪುಸ್ತಕವನ್ನು ಕೈಗಿಟ್ಟವರು ನಾವು.

ಅಜ್ಜಿಯ ಹಿಂದೆ ಸರಸೋತಿ ಇದ್ದಾಳೆ. ಸರಸೋತಿಯೂ ಬಾಲವಿಧವೆಯೇ. ಅಣ್ಣನ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿದವಳು, ಅತ್ತಿಗೆಯನ್ನು ಅಕ್ಕರೆಯಿಂದ ನೋಡಿಕೊಂಡವಳು, ಇನ್ನೊಬ್ಬರ ಮಗುವನ್ನು ತನ್ನದೆಂದು ಎತ್ತಿ ಆಡಿಸಿದವಳು. ತನ್ನ ಒಳಗನ್ನು ಅವಳು ಹೇಳಿಕೊಳ್ಳುವುದೇ ಇಲ್ಲ. ಹೇಳಿಕೊಂಡರೆ ಕೇಳುವವರೂ ಆ ಮನೆಯಲ್ಲಿ ಇಲ್ಲ. ಅಂಥ ಹೆಂಗಸನ್ನು ಬರೆದು ಕಾಲು ಶತಮಾನ ಕಳೆದ ಮೇಲೆ ಅದೇ ಲೇಖಕ ಇನ್ನೊಬ್ಬ ಬಾಲವಿಧವೆಯನ್ನು ಮನೆಯ ಚಾವಡಿಯಲ್ಲಿ ಕೂರಿಸಿ, ಎದುರಿಗೆ ಶ್ರದ್ಧೆಯಿಂದ ಕೇಳುವ ಮೊಮ್ಮಗನನ್ನೂ ಕೂರಿಸಿ, ನಿನಗೆ ಕಂಡದ್ದನ್ನೆಲ್ಲ ಹೇಳು ಎಂದು ಬಿಟ್ಟುಕೊಡುತ್ತಾನೆ. ಮೂರು ನಾಲ್ಕು ಸಾವಿರ ವರ್ಷಗಳ ಇತಿಹಾಸ ಅವಳ ನಾಲಗೆಗೆ ಬರುತ್ತದೆ. ಸರಸೋತಿಯ ಮನೆಯಲ್ಲಿ ಬಹಳ ದಿನ ಇದ್ದು ಬಂದ ಓದುಗನಿಗೆ ಮೂಕಜ್ಜಿಯ ಒಂದೊಂದು ಮಾತೂ ತತ್ವಶಾಸ್ತ್ರದಂತೆ ಕೇಳುವುದಿಲ್ಲ, ಎಪ್ಪತ್ತು ವರ್ಷ ತಡೆದಿಟ್ಟ ಮಾತಿನಂತೆ ಕೇಳುತ್ತದೆ. ಮೈಯ ಬಯಕೆ ಹೊಲಸಲ್ಲ ಎಂದು ಹೇಳುತ್ತಿರುವವಳು ಆ ಬಯಕೆಯನ್ನೇ ತಿಳಿಯದಂತೆ ಬದುಕಬೇಕೆಂದು ಊರು ವಿಧಿಸಿದವಳು. ಅದೇ ಕಾದಂಬರಿಯಲ್ಲಿ ಊರು ಹಳಿಯುವ ನಾಗಿ ಎಂಬ ಹೆಂಗಸಿನ ಬಗ್ಗೆ ಅವಳು ತೋರುವ ಅಂತಃಕರಣ ಎಲ್ಲಿಂದ ಬಂತು ಎಂಬುದಕ್ಕೂ ಆಗ ಉತ್ತರ ಸಿಗುತ್ತದೆ. 'ಸರಸಮ್ಮನ ಸಮಾಧಿ' ಓದಿದ್ದರೆ ಇನ್ನೂ ಚೆನ್ನು: ಹೆಂಗಸಿನ ಸಂಕಟವನ್ನು ದೈವವಾಗಿಸಿ ಪೂಜಿಸುವ ಊರು ಅದೇ ಸಂಕಟವನ್ನು ಮನೆಮನೆಯಲ್ಲಿ ಹೇಗೆ ಮುಂದುವರಿಸುತ್ತದೆ ಎಂಬುದನ್ನು ಕಾರಂತರು 1937ರಲ್ಲೇ ಕಂಡಿದ್ದರು.

ಮೂಕಜ್ಜಿಯಾದ ಕೂಡಲೇ 1970ರ 'ಮೈಮನಗಳ ಸುಳಿಯಲ್ಲಿ' ಓದಬೇಕು. ಎರಡೇ ವರ್ಷಗಳ ಅಂತರ. ಅಲ್ಲಿ ವೇಶ್ಯೆ ಮಂಜುಳೆ. ಮದುವೆಯೊಳಗೆ ಬತ್ತಿಹೋದ ಹೆಂಗಸರನ್ನು ಇಷ್ಟು ಪುಸ್ತಕಗಳಲ್ಲಿ ಕಂಡವರು ಇಲ್ಲಿ ಮದುವೆಯ ಹೊರಗೆ ಬಾಳಿದವಳ ದೃಷ್ಟಿಯಿಂದ ಅದೇ ಊರನ್ನು ನೋಡುತ್ತಾರೆ. ಪಾರೋತಿ, ಸರಸೋತಿ, ಮೂಕಜ್ಜಿ, ಮಂಜುಳೆ: ಈ ನಾಲ್ವರನ್ನು ಇದೇ ಸಾಲಿನಲ್ಲಿ ಕಂಡ ಓದುಗರಿಗೆ ಕಾರಂತರ ಹೆಣ್ಣುಗಳ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಲ್ಲಿ ಬರಬೇಕು? ಬಹಳ ಮಂದಿ ಅದನ್ನು ಪೀಠಿಕೆಯಂತೆ ಮೊದಲು ಓದುತ್ತಾರೆ. ನಾನು ಬೇಡ ಎನ್ನುತ್ತೇನೆ. ಅದನ್ನು ಮೊದಲು ಓದಿದವರು ಆಮೇಲೆ ಪ್ರತಿ ಕಾದಂಬರಿಯಲ್ಲೂ ಕಾರಂತರನ್ನೇ ಹುಡುಕುತ್ತಾರೆ. 'ಬೆಟ್ಟದ ಜೀವ'ದ ನಿರೂಪಕನ ಹೆಸರೇ ಶಿವರಾಮಯ್ಯ, ಆಸೆ ಇನ್ನಷ್ಟು ಹೆಚ್ಚುತ್ತದೆ. ಐದಾರು ಕಾದಂಬರಿ ಆದ ಮೇಲೆ ಓದಿದರೆ, ನಾಟಕ ಆಡಿಸಿದ, ಮೂಕಿ ಚಿತ್ರ ತೆಗೆದ, ಪುತ್ತೂರಿನಲ್ಲಿ ಬಾಲವನ ಕಟ್ಟಿದ, ಮಾಡಿದ ಪ್ರತಿಯೊಂದರಲ್ಲೂ ಕೈ ಸುಟ್ಟುಕೊಂಡರೂ ಬಿಡದ ಆ ಮನುಷ್ಯ ತನ್ನ ಹಕ್ಕಿನಿಂದಲೇ ಒಂದು ಪಾತ್ರವಾಗಿ ನಿಲ್ಲುತ್ತಾನೆ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 'ಯಕ್ಷಗಾನ ಬಯಲಾಟ', 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗ್ರಂಥ, ಒಂದು ಇಡೀ ರಾತ್ರಿಯ ಆಟ ನೋಡಿ ಬಂದ ಮೇಲೆ ತೆರೆಯುವಂಥದ್ದು. 'ಕುಡಿಯರ ಕೂಸು', 'ಚಿಗುರಿದ ಕನಸು' ಎರಡನ್ನೂ 'ಬೆಟ್ಟದ ಜೀವ' ಹಿಡಿಸಿದವರು ಯಾವಾಗ ಬೇಕಾದರೂ ಓದಬಹುದು, ನೆಲ ಒಂದೇ. ಚರ್ಚೆ ಕಥೆಯನ್ನು ಮೀರಿ ಹೋಗುವ ಕಾದಂಬರಿಗಳೂ ಅವರಲ್ಲಿವೆ. ಅವನ್ನು ಲೇಖಕರ ಮೇಲೆ ವಿಶ್ವಾಸ ಬಂದ ಮೇಲೆ ಓದಿ. ಮಕ್ಕಳ ದಾರಿಯೇ ಬೇರೆ. 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ 'ಬಾಲಪ್ರಪಂಚ' ಆ ಕಾಲದ ಎಷ್ಟೋ ಮನೆಗಳಲ್ಲಿ ಮಕ್ಕಳು ಕಂಡ ಮೊದಲ ಕಾರಂತ.

ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಹಳ್ಳಿಯ ಗ್ರಂಥಾಲಯದಲ್ಲಿ ಇರುವುದೇ ಎರಡು ಪುಸ್ತಕ, ಸಿಕ್ಕಿದ್ದನ್ನು ಓದುವವರಿಗೆ ಕ್ರಮದ ಮಾತೇಕೆ? ನ್ಯಾಯವಾದ ಪ್ರಶ್ನೆ. ಸಿಕ್ಕಿದ್ದನ್ನು ಮೊದಲು ಓದಿ, ಖಂಡಿತ ಓದಿ. ಕ್ರಮ ಎರಡನೆಯ ಸುತ್ತಿಗೂ ಸಲ್ಲುತ್ತದೆ. ಮೂಕಜ್ಜಿಯನ್ನು ಆಗಲೇ ಓದಿ ಇಟ್ಟವರು ಇಲ್ಲಿ ಬಹಳ ಮಂದಿ ಇದ್ದೀರಿ. ತಾವು 'ಮರಳಿ ಮಣ್ಣಿಗೆ' ಓದಿ ಮುಗಿಸಿ, ಮತ್ತೆ ಮೂಕಜ್ಜಿಯನ್ನು ಕೈಗೆತ್ತಿಕೊಳ್ಳಿ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ ಇದೆ. ಪದವಿ ತರಗತಿಗೆ ಮೂಕಜ್ಜಿಯನ್ನು ಪಠ್ಯವಾಗಿ ಇಡುವುದಾದರೆ ಇಡಿ, ಅದು ಇರಬೇಕಾದ ಪುಸ್ತಕವೇ. ಆದರೆ ಪಾಠ ಶುರು ಮಾಡುವ ಮುನ್ನ ಎರಡು ವಾರ ಬಿಟ್ಟುಕೊಟ್ಟು, 'ಮರಳಿ ಮಣ್ಣಿಗೆ'ಯಲ್ಲಿ ಪಾರೋತಿ ಮತ್ತು ಸರಸೋತಿ ಬರುವ ಮೊದಲ ಭಾಗವನ್ನಾದರೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಗ್ರಂಥಪಾಲಕರು ದಯವಿಟ್ಟು ಆ ಎರಡು ಪುಸ್ತಕಗಳನ್ನು ಕಪಾಟಿನಲ್ಲಿ ಅಕ್ಕಪಕ್ಕ ಇಡಿ.